ಉಣ್ಣೆಯ ಪಯಣಿಗರು

ಮಲಪ್ರಭೆಯ ದಂಡೆಯ ಮೆಣಸಗಿಯಲ್ಲಿ ಬೇಸಿಗೆಯ ಎರೆಹೊಲ ಕಾದ ಹಂಚು. ಈ ಸೀಮೆಯ ಕುರಿಗಾಹಿಗಳು ಬಿಸಿಲೇರುವ ಮೊದಲೇ ಹಿಂಡನ್ನು ಎಬ್ಬಿಸುತ್ತಾರೆ. ನಡೆಯಲಾರದ ಎಳೆಮರಿಯನ್ನು ಹೆಗಲಿಗೇರಿಸುತ್ತಾರೆ. ಮಧ್ಯಾಹ್ನ ನೆರಳಲ್ಲಿ ತಂಗುತ್ತಾರೆ. ಇದರಲ್ಲಿ ವಿಜ್ಞಾನವಿದೆ.

ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಚಿಂಚಿಲ್ಲಾ ಎಂಬ ಇಲಿಜಾತಿಯ ಪ್ರಾಣಿಯನ್ನು ಇಂದು ಮನೆಗಳಲ್ಲಿ ಸಾಕುವವರಿದ್ದಾರೆ. ಅದರ ಒಂದೊಂದು ರೋಮರಂಧ್ರದಿಂದ 60ರಷ್ಟು ಕೂದಲು ಹೊರಡುತ್ತವೆ. ಬೆವರಿ ತಂಪಾಗಲು ಅದಕ್ಕೆ ಬಾರದು. ಸುಮಾರು 25 ಡಿಗ್ರಿ ಸೆಲ್ಸಿಯಸ್ ದಾಟಿದರೆ ಜೀವಕ್ಕೇ ಕುತ್ತು. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗಿನ ಉಷ್ಣತೆಯಾದರೋ ಹತ್ತೇ ನಿಮಿಷದಲ್ಲಿ 10 ಡಿಗ್ರಿಯಷ್ಟು ಏರಬಲ್ಲದು!

ರಜೆಗೆ ಊರಿಗೆ ಹೊರಡುವಾಗ ಮಕ್ಕಳು ಜೊತೆಗೊಯ್ಯುವ ಮೊಲಕ್ಕೂ ಸೆಕೆ ಶತ್ರುವೇ. ಗಾಳಿಯಾಡುವ ಗಟ್ಟಿ ಪಂಜರ, ಒಣಹುಲ್ಲು, ನೀರು, ನಸುಕಿನ ಪಯಣ ಇವಿಷ್ಟು ಸಾಕು. ಬಿಸಿಲು ಮೀರಿದ ದಿನ ಅದನ್ನು ಮನೆಯಲ್ಲೇ ನಂಬಿಕಸ್ಥರಿಗೆ ಒಪ್ಪಿಸುವುದೇ ನಿಜವಾದ ಅಕ್ಕರೆ.