ಸೋಮವಾರದ ಪ್ರಾರ್ಥನೆ

ಭಾನುವಾರ ಗಂಜಾಂ ಚರ್ಚಿನಲ್ಲಿ ಮೊಣಕಾಲೂರಿದಾಗ ದೇವರು ಹತ್ತಿರ ಅನ್ನಿಸುತ್ತಾನೆ. ಸೋಮವಾರ ಅರಕೆರೆಯ ಶಾಲೆಯಲ್ಲಿ, ಅದೇ ಭಿನ್ನರಾಶಿಯನ್ನು ಹತ್ತನೆಯ ಸಲ ಹೇಳಿಕೊಡುವಾಗ? ಕ್ರೈಸ್ತನಾದ ನನ್ನನ್ನು ಬಹುಕಾಲ ಕಾಡಿದ ಪ್ರಶ್ನೆಯಿದು.

1799ರಲ್ಲಿ ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್, ಚದುರಿಹೋಗಿದ್ದ ಕ್ರೈಸ್ತರನ್ನು ಒಗ್ಗೂಡಿಸಿದರು. ಪೂಜೆಯಷ್ಟಕ್ಕೇ ನಿಲ್ಲಲಿಲ್ಲ. ಸಿಡುಬಿಗೆ ಜನ ಬಲಿಯಾಗುತ್ತಿದ್ದ ಕಾಲದಲ್ಲಿ ಲಸಿಕೆ ಹಾಕಿಸಿದರು. ಹಾಸನದ ಬಳಿಯ ಸಾತಳ್ಳಿಯಲ್ಲಿ ಬೇಸಾಯಗಾರರಿಗೆ ನೆಲೆ ಕಲ್ಪಿಸಿದರು. ಜನ ಅವರನ್ನು ದೊಡ್ಡಸ್ವಾಮಿಯೋರು ಎಂದು ಕರೆದರು. ಆದರೂ 1823ರಲ್ಲಿ ಸ್ವದೇಶಕ್ಕೆ ಮರಳುವ ಹೊತ್ತಿಗೆ, ಮತಪ್ರಚಾರ ಫಲಿಸಲಿಲ್ಲವೆಂಬ ನಿರಾಶೆ ಅವರಲ್ಲಿತ್ತು. ಅದೇ ವರ್ಷ ಅಚ್ಚಾದ ಅವರ ಪತ್ರಗಳೇ ಅದಕ್ಕೆ ಸಾಕ್ಷಿ.

ಇದನ್ನು ಓದಿದ ಮೇಲೆ ನನಗೆ ಸಮಾಧಾನವಾಯಿತು. ಉಪದೇಶ ಸೋತಿತೆಂದು ಅವರು ಕೊರಗಿರಬಹುದು. ಲಸಿಕೆ ಪಡೆದ ಮಗು ಮಾತ್ರ ಬದುಕಿಕೊಂಡಿತು. ಯೇಸುವೂ ಬೋಧನೆಗೆ ಹೊರಡುವ ಮುನ್ನ ನಜರೇತಿನಲ್ಲಿ ಬಡಗಿಯಾಗಿದ್ದವನೇ. ಉಳಿ ಹಿಡಿದ ಆ ವರ್ಷಗಳು ವ್ಯರ್ಥವಾದವೇ?

ಈಗ ಸೀಮೆಸುಣ್ಣ ಕೈಗೆತ್ತಿಕೊಳ್ಳುವುದೇ ನನ್ನ ಪ್ರಾರ್ಥನೆ. ಮಕ್ಕಳೇ, ಅಂಕ ಬರಲಿ, ಬಿಡಲಿ, ಇಂದಿನ ಪಾಠವನ್ನು ಮನಸ್ಸಿಟ್ಟು ಓದಿ. ಹೆತ್ತವರೇ, ಸಂಜೆ ಮಗು ಮನೆಗೆ ಬಂದಾಗ ‘ಎಷ್ಟು ಬಂತು?’ ಎನ್ನುವ ಮೊದಲು ‘ಇವತ್ತು ಏನು ಕಲಿತೆ?’ ಎಂದು ಕೇಳಿ ನೋಡಿ. ಫಲ ಕಾಣುವುದು ತಡವಾದೀತು. ಕೆಲಸದ ಖುಷಿಗೆ ಅಷ್ಟು ದಿನ ಕಾಯಬೇಕಾಗಿಲ್ಲ.