ಕೈ ಕಟ್ಟಿದರೆ ಪಾಠ ತಲೆಗೆ ಹತ್ತೀತೇ?

'ಕೈ ಕಟ್ಟಿ, ಬಾಯಿ ಮುಚ್ಚಿ' ಎಂಬುದು ನಮ್ಮ ಶಾಲೆಗಳ ಹಳೆಯ ಮಂತ್ರ. ಅಲುಗಾಡದೆ ಕುಳಿತ ಮಗುವಿಗೇ ಪಾಠ ಅರ್ಥವಾಗುತ್ತದೆಂಬ ನಂಬಿಕೆ ಅದರ ಹಿಂದಿದೆ. ನಮ್ಮ ಭಾಷೆ ಹೇಳುವುದೇ ಬೇರೆ. 'ಗ್ರಹಿಸು' ಎಂದರೆ ಮೂಲತಃ ಹಿಡಿದುಕೊಳ್ಳುವುದು. ವಿಷಯ ತಲೆಗೆ 'ಹತ್ತುತ್ತದೆ', ಮನಸ್ಸಿಗೆ 'ನಾಟುತ್ತದೆ'. ಅರ್ಥವಾಯಿತು ಎನ್ನುವುದಕ್ಕೂ ಚಲನೆಯ ಮಾತೇ ಬೇಕು, ಅಲ್ಲವೇ?

ವಿಜ್ಞಾನಿಗಳೂ ಈ ನಂಟನ್ನು ಹುಡುಕಿದ್ದಾರೆ. 2002ರಲ್ಲಿ ಅಮೆರಿಕದ ಗ್ಲೆನ್‌ಬರ್ಗ್ ಮತ್ತು ಕ್ಯಾಶಕ್, ಜನರಿಗೆ ವಾಕ್ಯಗಳನ್ನು ಓದಿಸಿ, ಅವಕ್ಕೆ ಅರ್ಥವಿದೆಯೇ ಎಂದು ಗುಂಡಿ ಒತ್ತಿ ತಿಳಿಸಲು ಹೇಳಿದರು. 'ಡ್ರಾಯರ್ ಮುಚ್ಚು' ಎಂಬಂಥ ವಾಕ್ಯಕ್ಕೆ ಕೈ ಮುಂದೆ ಚಾಚಿ ಒತ್ತುವಾಗ ಉತ್ತರ ಬೇಗ ಬಂತು. ಮೈಯ ಕಡೆಗೆ ತಂದು ಒತ್ತುವಾಗ ತಡವಾಯಿತು. 2004ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ಮೆದುಳಿನ ಚಿತ್ರ ತೆಗೆದರು. 'ಒದೆ' ಎಂಬರ್ಥದ ಇಂಗ್ಲಿಷ್ ಪದ ಓದಿದಾಗ, ಕಾಲನ್ನು ಆಡಿಸುವ ಭಾಗದಲ್ಲಿ ಅಥವಾ ಅದರ ಪಕ್ಕದಲ್ಲಿ ಚಟುವಟಿಕೆ ಕಂಡಿತು.

ಮುಂದೆ ಡ್ರಾಯರ್ ಪ್ರಯೋಗವನ್ನು ಹಲವು ಪ್ರಯೋಗಾಲಯಗಳು ಒಟ್ಟಾಗಿ ಮತ್ತೆ ಮಾಡಿ ನೋಡಿದವು. ಆ ವ್ಯತ್ಯಾಸ ಸಿಗಲೇ ಇಲ್ಲ. 2022ರಲ್ಲಿ ಪ್ರಕಟವಾದ ಆ ವರದಿಯ ಲೇಖಕರಲ್ಲಿ ಮೊದಲಿನ ಇಬ್ಬರೂ ಇದ್ದಾರೆ! ವಿಜ್ಞಾನದ ದೊಡ್ಡತನವೇ ಇದು. ಆದ್ದರಿಂದ ಓದಿದ ಪ್ರತಿ ವಾಕ್ಯಕ್ಕೂ ಕೈ ಮಿಡಿಯುತ್ತದೆ ಎಂದು ನಾವು ಹೇಳುವಂತಿಲ್ಲ.

ತರಗತಿಯಲ್ಲಿ ನಾನು ಕಂಡದ್ದು ಪ್ರಯೋಗವಲ್ಲ, ಬರಿಯ ಅನುಭವ. 'ಚಂದ್ರನ ಭ್ರಮಣ ಮತ್ತು ಪರಿಭ್ರಮಣಗಳ ಅವಧಿ ಒಂದೇ. ಆದ್ದರಿಂದ ನಮಗೆ ಒಂದೇ ಮುಖ ಕಾಣುತ್ತದೆ.' ಮಕ್ಕಳು ಇದನ್ನು ತಡವರಿಸದೆ ಒಪ್ಪಿಸುತ್ತಾರೆ. 27 ದಿನ ಚಿಲ್ಲರೆ ಎಂಬ ಲೆಕ್ಕವನ್ನೂ ಸೇರಿಸುತ್ತಾರೆ. ಅಂಕ ಸಿಗುತ್ತದೆ, ಅರ್ಥ ಸಿಗುವುದಿಲ್ಲ. 'ಒಂದೇ ಮುಖ ಕಾಣುವುದಾದರೆ ಚಂದ್ರ ತನ್ನ ಸುತ್ತ ತಿರುಗುವುದೇ ಇಲ್ಲವಲ್ಲ?' ಎಂದು ಕೇಳಿದರೆ ತರಗತಿಯೆಲ್ಲ ಮೌನ.

ಆಗ ಕುರ್ಚಿಯೊಂದನ್ನು ನಡುವೆ ಇಟ್ಟು ಭೂಮಿ ಎನ್ನುತ್ತೇನೆ. ಒಬ್ಬ ಹುಡುಗಿ ಚಂದ್ರ. ಮುಖವನ್ನು ಕುರ್ಚಿಯ ಕಡೆಗೇ ಇಟ್ಟುಕೊಂಡು ಅದರ ಸುತ್ತ ಅಡ್ಡಹೆಜ್ಜೆ ಹಾಕಬೇಕು. ಎದುರಿಗೆ ಏನು ಕಾಣುತ್ತದೆಂದು ಹೇಳುತ್ತಾ ಹೋಗಬೇಕು. ಮೊದಲು ಕರಿಹಲಗೆ, ಆಮೇಲೆ ಕಿಟಕಿ, ಹಿಂದಿನ ಗೋಡೆ, ಬಾಗಿಲು, ಮತ್ತೆ ಕರಿಹಲಗೆ. ನಾಲ್ಕು ದಿಕ್ಕನ್ನೂ ನೋಡಿದವಳು ತಾನೂ ಒಂದು ಸುತ್ತು ತಿರುಗಿರಲೇಬೇಕಲ್ಲ! ಬಾಯಿಪಾಠದ ವಾಕ್ಯ ಕಾಲಿಗೆ ಇಳಿದು ತಲೆಗೆ ಹತ್ತುವುದು ಅಲ್ಲಿಯೇ.

ಒಮ್ಮೆ ಹೀಗೆ ಸುತ್ತಿ ನಿಂತ ಹುಡುಗಿ ಕೇಳಿದಳು: 'ಸಾರ್, ಕುರ್ಚಿ ಯಾವಾಗ್ಲೂ ನನ್ನ ಮುಂದೇನೇ ಇತ್ತು. ಹಾಗಾದ್ರೆ ಈ ಕಡೆ ಚಂದ್ರನ ಮೇಲೆ ನಿಂತೋರಿಗೆ ಭೂಮಿ ಮುಳುಗೋದೇ ಇಲ್ವಾ?'

ಹೌದು, ಅದು ಆಕಾಶದಲ್ಲಿ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಆದರೆ ಆ ಮಾತು ಅವರ ಪಠ್ಯಪುಸ್ತಕದಲ್ಲಿ ಇರಲಿಲ್ಲ.