ಮಳೆ ರಜೆ: ಚಂದಗುಳಿ ಸೀಮೆಯ ಮಕ್ಕಳ ಒಂದು ದಿನ

ಯಲ್ಲಾಪುರ ತಾಲೂಕಿನ ಚಂದಗುಳಿ ಎಂದೊಡನೆ ಎಲ್ಲರಿಗೂ ನೆನಪಾಗುವುದು ಅಲ್ಲಿಯ ಘಂಟೆ ಗಣಪತಿ. ಹರಕೆ ತೀರಿಸಿದ ಭಕ್ತರು ಕಟ್ಟಿಹೋದ ಸಣ್ಣ ದೊಡ್ಡ ಘಂಟೆಗಳು ದೇಗುಲದ ತುಂಬ ತೂಗುತ್ತವೆ. ಪರೀಕ್ಷೆಯಲ್ಲಿ ಪಾಸಾಗಲೆಂದು ಹೊತ್ತ ಹರಕೆಯ ಘಂಟೆಗಳೂ ಅವುಗಳ ನಡುವೆ ಇದ್ದರೆ ಆಶ್ಚರ್ಯವಿಲ್ಲ. ಆದರೆ ಪುನರ್ವಸು, ಪುಷ್ಯ ಮಳೆಗಳ ಕಾಲದಲ್ಲಿ ಈ ಸೀಮೆಯ ಮಕ್ಕಳು ಕಿವಿಗೊಟ್ಟು ಕಾಯುವುದು ಬೇರೊಂದು ಘಂಟೆಗೆ. ಶಾಲೆಯ ಘಂಟೆ ಇಂದು ಬಾರಿಸುತ್ತದೆಯೋ ಇಲ್ಲವೋ ಎಂಬುದೇ ಬೆಳಗಿನ ಮೊದಲ ಪ್ರಶ್ನೆ. 'ತಮಾ, ಇಂದು ಶಾಲೆ ಇದ್ದೋ ಇಲ್ಯೋ?' ಎಂದು ಅಜ್ಜಿ ಕೇಳುವ ಹೊತ್ತಿಗೆ ಮನೆಯ ಮಾಣಿ ಮೊಬೈಲಿಗೆ ಸಿಗ್ನಲ್ ಹುಡುಕುತ್ತ ಅಂಗಳದ ತುದಿಯಲ್ಲಿ ನಿಂತಿರುತ್ತಾನೆ.

ಅಮೆರಿಕ, ಕೆನಡಾಗಳಲ್ಲಿ ಹಿಮ ಬಿದ್ದು ರಸ್ತೆ ಮುಚ್ಚಿದರೆ ಶಾಲೆಗೆ ರಜೆ. ಮಲೆನಾಡಿನಲ್ಲಿ ಹಿಮದ ಕೆಲಸವನ್ನು ಮಳೆ ಮಾಡುತ್ತದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗಳಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರೀ ಮಳೆ, 115.6 ಮುಟ್ಟಿದರೆ ಅತಿ ಭಾರೀ ಮಳೆ. 204.4 ಮೀರಿದರೆ ಅದಕ್ಕೂ ಮೇಲಿನ ದರ್ಜೆ. ಅಂಥ ಮುನ್ಸೂಚನೆ ಬಂದಾಗ ಜಿಲ್ಲಾಡಳಿತ ಅಂಗನವಾಡಿಯಿಂದ ಪಿಯುಸಿವರೆಗೆ ರಜೆ ಸಾರುತ್ತದೆ. ಕೆಲವೊಮ್ಮೆ ಇಡೀ ಜಿಲ್ಲೆಗೆ, ಕೆಲವೊಮ್ಮೆ ಶಿರಸಿ, ಸಿದ್ದಾಪುರ, ಯಲ್ಲಾಪುರದಂಥ ಆಯ್ದ ತಾಲೂಕುಗಳಿಗೆ ಮಾತ್ರ. ಆದೇಶ ಹಿಂದಿನ ಸಂಜೆಯೇ ಬಂದರೆ ಸರಿ. ಬೆಳಿಗ್ಗೆ ತಡವಾಗಿ ಬಂದರೆ ಮಕ್ಕಳು ಅರ್ಧ ದಾರಿ ನಡೆದು, ಕಾಲಿಗೆ ನಾಲ್ಕು ಉಂಬಳ ಹತ್ತಿಸಿಕೊಂಡು, ತೊಯ್ದ ಚೀಲದೊಂದಿಗೆ ಹಿಂತಿರುಗಬೇಕು.

ಈ ಎಚ್ಚರಿಕೆ ಅತಿಯಾಯಿತೆಂದು ಹೇಳುವಂತಿಲ್ಲ. 2021ರ ಜುಲೈನಲ್ಲಿ ಇದೇ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ಮನೆ, ತೋಟಗಳು ಮಣ್ಣಿನಡಿ ಸೇರಿದವು. ಗುಳ್ಳಾಪುರದ ಸೇತುವೆ ಗಂಗಾವಳಿಯ ಪಾಲಾಯಿತು. ಅರಬೈಲು ಘಟ್ಟದಲ್ಲಿ ಹೆದ್ದಾರಿಯೇ ಕುಸಿಯಿತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ನಡೆದ ದುರಂತವನ್ನು ನಾಡೇ ಕಂಡಿತು.

ರಜೆಯ ದಿನದ ಕೆಲಸ

ರಜೆ ಸಿಕ್ಕಿದ ಮಕ್ಕಳು ಏನು ಮಾಡುತ್ತಾರೆ? ಓದುತ್ತಾರೆಯೇ, ಮಲಗುತ್ತಾರೆಯೇ? ಪೇಟೆಯ ತಂದೆತಾಯಿಗಳಿಗೆ ಈ ಎರಡೇ ಉತ್ತರ ತೋರಬಹುದು. ಅಡಿಕೆ ಸೀಮೆಯಲ್ಲಿ ಮೂರನೆಯದೊಂದಿದೆ, ತೋಟ.

ಮಳೆಗಾಲದಲ್ಲಿ ಅಡಿಕೆಗೆ ಕೊಳೆ ರೋಗದ ಕಾಟ. ಅದಕ್ಕೆ ಬೋರ್ಡೊ ದ್ರಾವಣ ಸಿಂಪಡಿಸಬೇಕು. ಆದರೆ ಸುರಿಯುವ ಮಳೆಯಲ್ಲಿ ಔಷಧಿ ಹೊಡೆಯುವಂತಿಲ್ಲ, ಹೊಳವಾಗಬೇಕು. ರಜೆ ಕೊಟ್ಟ ದಿನ ಮಳೆ ಮಾಯವಾಗುವುದು ಈ ಭಾಗದ ಹಳೆಯ ತಮಾಷೆ. ಅಂಥ ದಿನ ಸಿಕ್ಕಿತೆಂದರೆ ಮನೆಯವರೆಲ್ಲ ತೋಟದಲ್ಲಿ. ಕೊನೆಗೌಡ ಮರ ಏರಿದರೆ ಕೆಳಗೆ ಪೈಪು ಎಳೆಯಲು, ನೀರು ತುಂಬಲು ಹೈಸ್ಕೂಲಿನ ಹುಡುಗರಿಗೆ ಕರೆ ಬರುತ್ತದೆ.

ಇದನ್ನು ಓದಿಗೆ ಅಡ್ಡಿ ಎಂದಷ್ಟೇ ನೋಡಬೇಕಾಗಿಲ್ಲ. ನೂರು ಲೀಟರ್ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಇದು ಶೇಕಡ ಒಂದರ ಲೆಕ್ಕ. ದ್ರಾವಣ ಹದವಾಗಿದೆಯೇ ಎಂದು ನೋಡಲು ಅನುಭವಿಗಳು ಹೊಳೆಯುವ ಕಬ್ಬಿಣದ ಕತ್ತಿಯನ್ನು ಅದರಲ್ಲಿ ಅದ್ದುತ್ತಾರೆ. ಕತ್ತಿಯ ಮೇಲೆ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು ಎಂದರ್ಥ. ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಕಬ್ಬಿಣದ ಮೊಳೆಯನ್ನು ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಇಡುವ ಪ್ರಯೋಗವಿದೆಯಲ್ಲ, ಇದೂ ಅದೇ. ಕಬ್ಬಿಣ ತಾಮ್ರವನ್ನು ಹೊರತಳ್ಳಿ ಅದರ ಜಾಗದಲ್ಲಿ ತಾನು ಕೂರುತ್ತದೆ. ಶಾಲೆಯಲ್ಲಿ ಸ್ಥಾನಪಲ್ಲಟ ಕ್ರಿಯೆಯೆಂದು ಬಾಯಿಪಾಠ ಮಾಡಿದ್ದು ತೋಟದಲ್ಲಿ ಕಣ್ಣಿಗೆ ಕಾಣುತ್ತದೆ. ತಂದೆ ಒಮ್ಮೆ ಇದೇಕೆ ಹೀಗೆ ಎಂದು ಮಗನನ್ನು ಕೇಳಿದರೆ ಸಾಕು, ಆ ಪಾಠ ಪರೀಕ್ಷೆಯವರೆಗೂ ಮರೆಯದು. ಮೈಲುತುತ್ತ ವಿಷವಸ್ತು ಎಂಬುದು ಮಾತ್ರ ನೆನಪಿರಬೇಕು. ಬೆರೆಸುವುದು, ಸಿಂಪಡಿಸುವುದು ದೊಡ್ಡವರ ಕೆಲಸ.

ಮಳೆ ಬಿಡದೆ ಸುರಿದ ದಿನ ಮನೆಯೇ ಲೋಕ. ಬಚ್ಚಲ ಒಲೆಯ ಮೇಲೆ ಸಮವಸ್ತ್ರ ಒಣಗುತ್ತಿರುತ್ತದೆ, ಒಲೆಯಲ್ಲಿ ಹಲಸಿನ ಬೀಜ ಸುಡುತ್ತಿರುತ್ತದೆ. ಮಧ್ಯಾಹ್ನದ ಊಟಕ್ಕೆ ಕಳಲೆ ಪಲ್ಯವೋ ಕೆಸುವಿನೆಲೆಯ ಕರಕಲಿಯೋ ಸಿದ್ಧ. ಕರೆಂಟು ಹೋಗಿ ಕೆಲವು ತಾಸು ಕಳೆದರೆ ಮೊಬೈಲ್ ಟವರಿನ ಬ್ಯಾಟರಿಯೂ ಮುಗಿಯುತ್ತದೆ. ಆಗ ಪುಸ್ತಕ ಬಿಟ್ಟರೆ ಬೇರೆ ಗತಿಯಿಲ್ಲ. ಬೆಳಕಿರುವ ಹೊತ್ತಿನಲ್ಲೇ ಓದು ಮುಗಿಸುವುದನ್ನು ಇಲ್ಲಿಯ ಮಕ್ಕಳು ಯಾರೂ ಹೇಳದೆ ಕಲಿತಿದ್ದಾರೆ.

ನಿದ್ದೆ ಪಾಪವಲ್ಲ

ರಜೆಯ ದಿನ ಮಗಳು ಎಂಟು ಗಂಟೆಯವರೆಗೆ ಮಲಗಿದರೆ ಬೈಯುವ ಹಿರಿಯರು ಒಂದು ವಿಷಯ ಗಮನಿಸಬೇಕು. ಹದಿಮೂರರಿಂದ ಹದಿನೆಂಟು ವರ್ಷದವರಿಗೆ ದಿನಕ್ಕೆ 8ರಿಂದ 10 ತಾಸು ನಿದ್ದೆ ಬೇಕೆನ್ನುವುದು ನಿದ್ರಾತಜ್ಞರ ಸಲಹೆ. ದೂರದ ಕೇರಿಯಿಂದ ನಡೆದು ಬಸ್ಸು ಹಿಡಿಯುವ ಮಕ್ಕಳು ಕತ್ತಲಿನಲ್ಲಿ ಎದ್ದು ಕತ್ತಲಿನಲ್ಲಿ ಮನೆ ಸೇರುತ್ತಾರೆ. ಓದಿದ್ದು ನೆನಪಿನಲ್ಲಿ ನೆಲೆಗೊಳ್ಳುವುದು ನಿದ್ದೆಯಲ್ಲೇ. ಹಾಗೆಂದು ಹಗಲಿಡೀ ಹೊದ್ದು ಮಲಗಿದರೆ ರಾತ್ರಿಯ ನಿದ್ದೆ ಕೆಡುತ್ತದೆ. ಬೆಳಿಗ್ಗೆ ಒಂದೆರಡು ತಾಸು ಹೆಚ್ಚಿಗೆ ಮಲಗಲಿ. ಆಮೇಲೆ ಹಳೆಯ ಪಾಠವೊಂದನ್ನು ಪುಸ್ತಕ ಮುಚ್ಚಿ ನೆನಪಿನಿಂದಲೇ ಬರೆದು, ಬಳಿಕ ಪುಸ್ತಕ ತೆರೆದು ತಾಳೆ ನೋಡಲಿ. ಅದೇ ಪಾಠವನ್ನು ನಾಲ್ಕು ಬಾರಿ ಓದುವುದಕ್ಕಿಂತ ಇದು ಹೆಚ್ಚು ಉಳಿಯುತ್ತದೆ.

ಯಾರ ದಿನ ಹೋಗುತ್ತದೆ?

ಮಳೆ ರಜೆಯಿಂದ ಮಕ್ಕಳ ಓದು ಹಾಳಾಗುತ್ತದೆ ಎಂಬ ಚಿಂತೆ ಪಾಲಕರಲ್ಲಿ ಸಾಮಾನ್ಯ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಹಿಮ ರಜೆಗಳನ್ನು ಕುರಿತು ಅರ್ಥಶಾಸ್ತ್ರಜ್ಞ ಜೋಶುವಾ ಗುಡ್‌ಮನ್ 2014ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಯೋಚಿಸುವಂಥದ್ದು. ಶಾಲೆ ಎಲ್ಲರಿಗೂ ಮುಚ್ಚಿದ ದಿನಗಳಿಂದ ಮಕ್ಕಳ ಅಂಕಗಳಿಗೆ ಪೆಟ್ಟು ಬಿದ್ದಿರಲಿಲ್ಲ. ಶಾಲೆ ತೆರೆದಿದ್ದು ಕೆಲವರು ಮಾತ್ರ ಬಾರದ ದಿನಗಳಿಂದ ಪೆಟ್ಟು ಬಿದ್ದಿತ್ತು. ಕಾರಣ ಸರಳ. ಎಲ್ಲರೂ ತಪ್ಪಿಸಿಕೊಂಡ ಪಾಠವನ್ನು ಶಿಕ್ಷಕರು ಮರುದಿನ ಎಲ್ಲರಿಗೂ ಮಾಡುತ್ತಾರೆ. ನಾಲ್ವರು ತಪ್ಪಿಸಿಕೊಂಡರೆ ಪಾಠ ಮುಂದೆ ಹೋಗುತ್ತದೆ, ಆ ನಾಲ್ವರು ಹಿಂದೆ ಉಳಿಯುತ್ತಾರೆ.

ಯಲ್ಲಾಪುರದ ಕಾಡಿನಂಚಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ರಜೆಯ ಘೋಷಣೆ ಇಲ್ಲದ ದಿನವೂ ಹಳ್ಳ ತುಂಬುತ್ತದೆ. ಪೇಟೆಯ, ಹೆದ್ದಾರಿ ಬದಿಯ ಮಕ್ಕಳು ಕೊಡೆ ಹಿಡಿದು ತರಗತಿ ಸೇರುತ್ತಾರೆ. ಗೌಳಿವಾಡೆಯ ಹುಡುಗಿ, ಸಿದ್ದಿ, ಕುಣಬಿ ಕೇರಿಗಳ ಹುಡುಗ, ಕೊನೆಯ ತೋಟದ ಮನೆಯ ಮಾಣಿ ಹಳ್ಳದ ಆಚೆ ದಡದಲ್ಲಿ ನಿಂತುಬಿಡುತ್ತಾರೆ. ಅಡಿಕೆ ದಬ್ಬೆಯ ಕಾಲುಸಂಕ ಪಾಚಿ ಕಟ್ಟಿ ಜಾರುತ್ತಿರುತ್ತದೆ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲೂಕಿನಲ್ಲಿ ಎರಡನೆಯ ತರಗತಿಯ ಬಾಲಕಿಯೊಬ್ಬಳು ಶಾಲೆಯಿಂದ ಮರಳುವಾಗ ಇಂಥದೇ ಸಂಕದಿಂದ ಜಾರಿ ನೀರುಪಾಲಾದಳು. ದಾಟಬೇಡ ಎನ್ನುವ ತಾಯಿ ತಪ್ಪು ಮಾಡುತ್ತಿಲ್ಲ. ಆದರೆ ಹಾಜರಿ ಪುಸ್ತಕದಲ್ಲಿ ಆ ದಿನ ಅದು ಗೈರುಹಾಜರಿ, ರಜೆಯಲ್ಲ.

ರಜೆಯ ದಿನಗಳನ್ನು ಶನಿವಾರ ಮಧ್ಯಾಹ್ನವೋ ಭಾನುವಾರವೋ ತರಗತಿ ನಡೆಸಿ ತುಂಬಿಕೊಡುವ ಕ್ರಮವಿದೆ. ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಆರರಿಂದ ಎಂಟನೆಯ ತರಗತಿಗೆ ವರ್ಷಕ್ಕೆ 220 ದಿನ ಶಾಲೆ ನಡೆಯಬೇಕು. ಆ ಲೆಕ್ಕ ಹೇಗೋ ಸರಿಹೋಗುತ್ತದೆ. ಹಳ್ಳದ ಆಚೆ ನಿಂತ ಮಗುವಿನ ದಿನಗಳನ್ನು ತುಂಬಿಕೊಡುವವರು ಯಾರು?

ಕಾಯಂ ಉತ್ತರ ಗಟ್ಟಿಯಾದ ಕಾಲುಸೇತುವೆ. ಅದು ಬರುವವರೆಗೆ ಮನೆ, ಶಾಲೆಗಳಲ್ಲಿ ಆಗಬಹುದಾದ ಸಣ್ಣ ಕೆಲಸಗಳಿವೆ. ಜೂನ್ ಮೊದಲ ವಾರದಲ್ಲೇ ಯಾವ ಮಕ್ಕಳು ಯಾವ ಹಳ್ಳ ದಾಟಿ ಬರುತ್ತಾರೆಂದು ಶಾಲೆಯಲ್ಲಿ ಪಟ್ಟಿ ಮಾಡಬಹುದು. ಜುಲೈನಲ್ಲಿ ಅವರು ಬಾರದಿದ್ದಾಗ ಹೊಸ ಪಾಠವನ್ನು ಒಂದು ದಿನ ತಡೆಹಿಡಿದು ಲೆಕ್ಕ ಬಿಡಿಸುವುದಕ್ಕೆ, ಪುನರಾವರ್ತನೆಗೆ ಆ ಹೊತ್ತನ್ನು ಕೊಡಬಹುದು. ಪಾಠ ಕೇಳಿದ ಗೆಳೆಯರು ತಮ್ಮ ನೋಟ್ಸನ್ನು ಬಾರದವರಿಗೆ ಹೇಳಿಕೊಟ್ಟರೆ ಕೇಳಿದವರಿಗೂ ಹೇಳಿದವರಿಗೂ ಲಾಭ. ಅಂಕಗಳ ಪೈಪೋಟಿಯಲ್ಲಿ ನೋಟ್ಸು ಬಚ್ಚಿಡುವ ಮಕ್ಕಳಿಗೆ ಪಾಲಕರು ಈ ಮಾತನ್ನು ಒಮ್ಮೆ ಹೇಳಬೇಕು.

ಆಶ್ಲೇಷಾ ಮಳೆ ಕಳೆದು ಮಘೆ ಬರುವಾಗ ಹಳ್ಳಗಳು ಇಳಿಯತೊಡಗುತ್ತವೆ. ಆಚೆ ದಡದ ಮಕ್ಕಳು ಮತ್ತೆ ದಿನವೂ ತರಗತಿಗೆ ಬರುತ್ತಾರೆ. ಅಷ್ಟರಲ್ಲಿ ಪಾಠ ಎಲ್ಲಿಗೆ ಮುಟ್ಟಿದೆಯೆಂದು ಅವರು ಪಕ್ಕದವರನ್ನು ಪಿಸುದನಿಯಲ್ಲಿ ಕೇಳುವಂತಾಗಬಾರದು.